ಎರಡಕ್ಷರದ ಜಾಗ: ಮನೆಯಲ್ಲಿ ತಯಾರಾದ ವಿಡಿಯೊ ಡಿಸ್ಕ್ ಮತ್ತು ಗಡಿನಾಡಿನ ಭಾಷೆಗಳು

ಗಡಿನಾಡಿನ ಕನ್ನಡ ಬದುಕನ್ನು ಅಧ್ಯಯನ ಮಾಡುವವರಿಗೆ ಶಾಸನ, ಹಸ್ತಪ್ರತಿ, ಮೌಖಿಕ ಪಠ್ಯಗಳನ್ನು ಆಕರವೆಂದು ಬಗೆಯುವ ರೂಢಿಯಿದೆ. ಅವುಗಳನ್ನು ಓದುವ, ಸಂಪಾದಿಸುವ ಶಿಸ್ತೂ ಬೆಳೆದುಬಂದಿದೆ. ಈ ಶತಮಾನದ ಮೊದಲ ಒಂದೂವರೆ ದಶಕದಲ್ಲಿ ಊರೂರಿನ ಬಯಲಾಟ, ತಾಳಮದ್ದಳೆ, ಮದುವೆ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳು ಸೇರಿಕೊಂಡದ್ದು 12 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಡಿಸ್ಕುಗಳೊಳಗೆ. ಅವುಗಳಿಗೆ ಇಂಥ ಶಿಸ್ತು ಇನ್ನೂ ಒದಗಿಲ್ಲ. ಕಾರ್ಖಾನೆಯಲ್ಲಿ ಅಚ್ಚಾಗಿ ಅಂಗಡಿಗೆ ಬಂದ ಚಲನಚಿತ್ರದ ಡಿಸ್ಕುಗಳ ಮಾತು ಬೇರೆ. ಇಲ್ಲಿ ಪ್ರಸ್ತುತವಾದದ್ದು ಮನೆಯ ಕಂಪ್ಯೂಟರಿನಲ್ಲಿಯೋ ಪೇಟೆಯ ವಿಡಿಯೊ ಸ್ಟುಡಿಯೊದಲ್ಲಿಯೋ ಒಂದೊಂದಾಗಿ ಬರ್ನ್ ಮಾಡಿ, ನೆಂಟರಿಷ್ಟರಿಗೆ ಹಂಚಿದ, ಟಿ.ವಿ.ಯ ಪಕ್ಕದ ಪ್ಲೇಯರಿನಲ್ಲಿ ಹಾಕಿ ನೋಡಿದ ಡಿಸ್ಕು. ಅದರ ಭಾಷೆಯನ್ನು ಯಾವ ವಿತರಕನೂ ನಿರ್ಧರಿಸಿದ್ದಿಲ್ಲ, ಯಾವ ವಾಹಿನಿಯೂ ಒಪ್ಪಬೇಕಾಗಿರಲಿಲ್ಲ. ಆದರೂ ಅದು ಸಂಪೂರ್ಣ ಸ್ವತಂತ್ರವಾಗಿರಲಿಲ್ಲ. ಸಾಮಾನ್ಯ ಪ್ಲೇಯರ್ ಓದಬೇಕೆಂದರೆ ಡಿಸ್ಕು ಒಂದು ಬಿಗಿಯಾದ ವಿನ್ಯಾಸಕ್ಕೆ ಒಗ್ಗಬೇಕಾಗಿತ್ತು. ಆ ವಿನ್ಯಾಸವು ಕನ್ನಡದ ಲಿಪಿಗೆ ಅನಿರೀಕ್ಷಿತವಾದ ಔದಾರ್ಯವನ್ನೂ ಬಡಗ, ತುಳು, ಲಂಬಾಣಿಯಂಥ ಭಾಷೆಗಳ ಹೆಸರಿಗೆ ಅಷ್ಟೇ ಅನಿರೀಕ್ಷಿತವಾದ ನಿರಾಕರಣೆಯನ್ನೂ ತನ್ನೊಳಗೆ ಇಟ್ಟುಕೊಂಡಿತ್ತು.

ಮೊದಲು ಕಡತಕ್ಕೂ ಡಿಸ್ಕಿಗೂ ಇರುವ ಅಂತರವನ್ನು ಗ್ರಹಿಸಬೇಕು. ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುವ ವಿಡಿಯೊ ಕಡತವನ್ನು ಹಾಗೆಯೇ ಖಾಲಿ ಡಿಸ್ಕಿಗೆ ಬರೆದರೆ ಸಾಮಾನ್ಯ ಡಿವಿಡಿ ಪ್ಲೇಯರ್ ಅದನ್ನು ಗುರುತಿಸುವುದಿಲ್ಲ. ಪ್ಲೇಯರು ಕಡತಗಳನ್ನು ಹುಡುಕುವ ಯಂತ್ರವಲ್ಲ, ಗೊತ್ತುಪಡಿಸಿದ ಸ್ಥಳದಲ್ಲಿ ಗೊತ್ತುಪಡಿಸಿದ ಹೆಸರನ್ನು ನಿರೀಕ್ಷಿಸುವ ಯಂತ್ರ. ಅದಕ್ಕೆ 'ವಿಡಿಯೊ_ಟಿಎಸ್' ಎಂಬ ಫೋಲ್ಡರು ಬೇಕು. ಅದರೊಳಗೆ ದೃಶ್ಯ, ಧ್ವನಿ, ಉಪಶೀರ್ಷಿಕೆಗಳನ್ನು ಒಟ್ಟಿಗೆ ಹೆಣೆದ 'ವಿಒಬಿ' ಕಡತಗಳು ಒಂದೊಂದೂ ಒಂದು ಗಿಗಾಬೈಟ್ ಮೀರದಂತೆ ತುಂಡಾಗಿ ಇರಬೇಕು. ಅವುಗಳ ಜೊತೆಗೆ 'ಐಎಫ್ಒ' ಎಂಬ ಪುಟ್ಟ ಕಡತ, ಅದು ಕೆಟ್ಟರೆ ಇರಲೆಂದು ಅದರದೇ ಪ್ರತಿಯಾದ 'ಬಿಯುಪಿ' ಇರಬೇಕು. ಇಡೀ ಡಿಸ್ಕಿನ ಕಡತವ್ಯವಸ್ಥೆ ಯುಡಿಎಫ್ 1.02 ಮತ್ತು ಐಎಸ್ಒ 9660 ಎರಡನ್ನೂ ಅನುಸರಿಸಬೇಕು. ತಾಳೆಗರಿಯ ಕಟ್ಟಿನೊಡನೆ ಒಡನಾಡಿದವರಿಗೆ ಐಎಫ್ಒ ಕಡತದ ಮಹತ್ವ ಬೇಗ ಹೊಳೆದೀತು. ಗರಿಗಳೆಲ್ಲ ಇದ್ದೂ ಅವುಗಳ ಅನುಕ್ರಮ ಕೈಬಿಟ್ಟರೆ ಏನಾಗುವುದೋ, ವಿಒಬಿ ಇದ್ದು ಐಎಫ್ಒ ಕಳೆದರೆ ಆಗುವುದೂ ಅದೇ. ಅಧ್ಯಾಯಗಳು ಎಲ್ಲಿ ಆರಂಭವಾಗುತ್ತವೆ, ಯಾವ ಧ್ವನಿಪಥ ಯಾವ ಭಾಷೆಯದು, ಉಪಶೀರ್ಷಿಕೆಗೆ ಯಾವ ಬಣ್ಣ ಎಂಬುದೆಲ್ಲ ಆ ಚಿಕ್ಕ ಕಡತದಲ್ಲೇ ಅಡಗಿದೆ.

ಈ ಹೆಣಿಗೆಯ ಕೆಲಸಕ್ಕೆ ವೃತ್ತಿಯಲ್ಲಿ 'ಆಥರಿಂಗ್' ಎಂದು ಹೆಸರು. ಗ್ರಂಥಕರ್ತೃತ್ವದ ಪದವನ್ನು ತಂತ್ರಜ್ಞರು ಇಲ್ಲಿಗೆ ತಂದದ್ದು ಆಕಸ್ಮಿಕವೇ ಇರಬಹುದು, ಆದರೆ ಅಸಂಗತವಲ್ಲ. ನೀರೊ, ಡಿವಿಡಿ ಸ್ಟೈಲರ್‌ನಂಥ ತಂತ್ರಾಂಶಗಳು ಇದನ್ನು ಗುಂಡಿಯೊತ್ತುವ ಕೆಲಸವನ್ನಾಗಿ ಮಾಡಿದವು. 'ಡಿವಿಡಿಆಥರ್' ಎಂಬ ಮುಕ್ತ ತಂತ್ರಾಂಶದಲ್ಲಿ ಇಡೀ ಡಿಸ್ಕಿನ ರಚನೆಯನ್ನು ಒಂದು ಪಠ್ಯಕಡತದಲ್ಲಿ ಸಾಲುಸಾಲಾಗಿ ಬರೆಯಬಹುದು. ಹೊರಗಿನ ರೂಪ ಯಾವುದಾದರೂ ಕೊನೆಗೆ ಡಿಸ್ಕಿಗೆ ಇಳಿಯುವ ವಿನ್ಯಾಸ ಒಂದೇ.

ಒಳಗಿನ ವಸ್ತುವಿಗೂ ಇಷ್ಟೇ ಕಟ್ಟುಪಾಡು. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಚಿತ್ರದ ಅಳತೆ 720×576 ಬಿಂದುಗಳು, ಸೆಕೆಂಡಿಗೆ 25 ಚಿತ್ರಗಳು, ಸಂಕೋಚನ ಎಂಪೆಗ್-2. ದೃಶ್ಯಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್, ಎಲ್ಲವೂ ಸೇರಿ 10.08 ಮೆಗಾಬಿಟ್. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಅಳತೆ 720×480. ಭಾರತದ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಒಪ್ಪುತ್ತಿದ್ದವು. ಅಮೆರಿಕದಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಅನೇಕವು ಪಾಲ್ ಡಿಸ್ಕನ್ನು ತಿರಸ್ಕರಿಸುತ್ತಿದ್ದವು. ಊರಿನ ಮದುವೆಯ ಡಿಸ್ಕು ಅಲ್ಲಿನ ಮಗಳ ಮನೆಯಲ್ಲಿ ಮೌನವಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಭಾರತವನ್ನು 5ನೆಯದಾಗಿ ವಿಂಗಡಿಸಿದ ಪ್ರಾಂತ್ಯಸಂಕೇತದ ಬೇಲಿ ಮಾತ್ರ ಇಂಥ ಡಿಸ್ಕುಗಳಿಗೆ ಅಡ್ಡಬರಲಿಲ್ಲ, ಏಕೆಂದರೆ ಮನೆಯಲ್ಲಿ ಮಾಡಿದವು ಎಲ್ಲ ಪ್ರಾಂತ್ಯಗಳಿಗೂ ತೆರೆದೇ ಇರುತ್ತಿದ್ದವು.

ಡಿವಿಡಿಗಿಂತ ಮೊದಲು ಈ ಹಾದಿಯನ್ನು ತೆರೆದದ್ದು ವಿಸಿಡಿ. 1993ರಲ್ಲಿ ರೂಪುಗೊಂಡ ಈ ಮಾನಕದಲ್ಲಿ ಪಾಲ್ ಚಿತ್ರದ ಅಳತೆ 352×288, ಸಂಕೋಚನ ಎಂಪೆಗ್-1, ದೃಶ್ಯಕ್ಕೆ ಸೆಕೆಂಡಿಗೆ 1150 ಕಿಲೋಬಿಟ್, ಧ್ವನಿಗೆ 224 ಕಿಲೋಬಿಟ್. 650 ಮೆಗಾಬೈಟಿನ ಸಾಮಾನ್ಯ ಸಿ.ಡಿ.ಯಲ್ಲಿ ಸುಮಾರು 74 ನಿಮಿಷ ಹಿಡಿಯುತ್ತಿದ್ದುದು ಒಂದು ರಾಜಿಯ ಫಲ. ದತ್ತಾಂಶದ ಸಿ.ಡಿ.ಯಲ್ಲಿ ಪ್ರತಿ ಸೆಕ್ಟರಿಗೆ 2048 ಬೈಟುಗಳಿದ್ದರೆ ವಿಸಿಡಿಯ ಚಿತ್ರಭಾಗದಲ್ಲಿ 2324 ಬೈಟುಗಳು. ಹೆಚ್ಚಿನ ಜಾಗ ದೊರೆತದ್ದು ದೋಷಪರಿಹಾರದ ಒಂದು ಪದರವನ್ನು ಬಿಟ್ಟುಕೊಟ್ಟದ್ದರಿಂದ. ಗೀರು ಬಿದ್ದ ವಿಸಿಡಿಯ ಚಿತ್ರ ಚೌಕಚೌಕವಾಗಿ ಒಡೆಯುವುದಕ್ಕೆ ಮೂಲ ಇಲ್ಲಿದೆ. ವಿಸಿಡಿಯ ಎಡ ಮತ್ತು ಬಲ ಧ್ವನಿವಾಹಿನಿಗಳನ್ನು ರಿಮೋಟಿನ ಒಂದು ಗುಂಡಿಯಿಂದ ಬೇರ್ಪಡಿಸಿ ಕೇಳಬಹುದಾಗಿತ್ತು. ಕ್ಯಾರಿಯೋಕಿ ಹಾಡಿಗೆಂದು ಬಳಕೆಗೆ ಬಂದ ಈ ಅನುಕೂಲವು ಎರಡು ಭಾಷೆಗಳಿಗೂ ಒದಗುತ್ತದೆ. ಎಡದಲ್ಲಿ ಕನ್ನಡದ ವಿವರಣೆ, ಬಲದಲ್ಲಿ ಮರಾಠಿಯದು ಎಂದಿಟ್ಟರೆ ಅಕ್ಕಲಕೋಟೆಯ ಒಂದೇ ಮನೆಯ ಎರಡು ತಲೆಮಾರಿಗೆ ಒಂದೇ ಡಿಸ್ಕು ಸಾಕು.

ಡಿಸ್ಕಿನ ಜಾಗವು ಕಲೆಯ ರೂಪವನ್ನೇ ಕತ್ತರಿಸುವ ಪರಿಯನ್ನು ಕಾಣಲು ಕಾಸರಗೋಡಿನ ಬಯಲಾಟಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಆಟವೆಂದರೆ ಇರುಳಿಡೀ ನಡೆಯುವುದೆಂಬ ಎಣಿಕೆ ಇದ್ದ ಕಾಲದ ದಾಖಲೆಗಳನ್ನು ಗಮನಿಸೋಣ. ಒಂದು ಪದರದ ಡಿವಿಡಿಯ ಧಾರಣಶಕ್ತಿ 4.7 ಗಿಗಾಬೈಟ್, ಎಂದರೆ 37,600 ಮೆಗಾಬಿಟ್. ಎರಡು ಗಂಟೆಗೆ ಹಂಚಿದರೆ ಸೆಕೆಂಡಿಗೆ 5.2 ಮೆಗಾಬಿಟ್ ದೊರೆಯುತ್ತದೆ, ಚಿತ್ರ ಚೆನ್ನಾಗಿಯೇ ಬರುತ್ತದೆ. ಎಂಟು ಗಂಟೆಯ ಆಟಕ್ಕೆ ಆ ಲೆಕ್ಕದಲ್ಲಿ ನಾಲ್ಕು ಡಿಸ್ಕು ಬೇಕು. ಚಿತ್ರವನ್ನು ವಿಸಿಡಿಯ ಮಟ್ಟಕ್ಕೆ ಇಳಿಸಿದರೆ ಏಳೂವರೆ ಗಂಟೆ ಒಂದೇ ಡಿಸ್ಕಿನಲ್ಲಿ ಹಿಡಿಯುತ್ತದೆ. ಡಿವಿಡಿಯ ಮಾನಕವು ಎಂಪೆಗ್-1ರ 352×288 ಚಿತ್ರವನ್ನೂ ಒಪ್ಪುತ್ತದೆ. ಆದರೆ ಬೆಲೆ ತೆರಬೇಕಾದವನು ವೇಷಧಾರಿ. ಸಂಕೋಚನದ ತತ್ತ್ವವೆಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುವುದು. ಪೀಠದಲ್ಲಿ ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ ಅಲ್ಪ ಬಿಟ್ಟುಗಳೇ ಸಾಕು. ಗಿರಕಿ ಹೊಡೆಯುವ ಪುಂಡುವೇಷ, ಬೆಳಕು ಬಿದ್ದು ಮಿನುಗುವ ಕಿರೀಟ, ರಾಳದ ಬೆಂಕಿಯೊಡನೆ ನುಗ್ಗುವ ಬಣ್ಣದ ವೇಷ ಎಲ್ಲವೂ ಪ್ರತಿ ಕ್ಷಣ ಹೊಸ ಚಿತ್ರ. ಬಿಟ್ಟು ಸಾಲದೆ ಅವು ಚೌಕಗಳ ಮಸುಕಾಗುತ್ತವೆ. ಆಟದ ಅತ್ಯಂತ ಉಜ್ವಲವಾದ ಗಳಿಗೆಯೇ ಡಿಸ್ಕಿನಲ್ಲಿ ಅತ್ಯಂತ ಕೆಟ್ಟದಾಗಿ ಉಳಿಯುವುದು ಈ ಕಾರಣದಿಂದ.

ಧ್ವನಿಯಲ್ಲೂ ಇದೇ ತೂಗಾಟ. ಸಂಕೋಚಿಸದ ಪಿಸಿಎಂ ಧ್ವನಿ ಸೆಕೆಂಡಿಗೆ 1.536 ಮೆಗಾಬಿಟ್ ಬೇಡುತ್ತದೆ. ಎರಡು ಗಂಟೆಯ ಡಿಸ್ಕಿನಲ್ಲಿ ಅದೊಂದೇ ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಬಂತು. ಡಾಲ್ಬಿ ಪದ್ಧತಿಯಲ್ಲಿ 192 ಕಿಲೋಬಿಟ್ಟಿಗೆ ಇಳಿಸಿದರೆ ಅದರ ಎಂಟನೆಯ ಒಂದು ಭಾಗ ಸಾಕಾಗುತ್ತದೆ. ಚೆಂಡೆಯ ಗಡಸು ಪೆಟ್ಟು ಸ್ವಲ್ಪ ಮೆದುವಾದರೂ ಭಾಗವತರ ಸಾಹಿತ್ಯ ಸ್ಪಷ್ಟವಾಗಿಯೇ ಉಳಿಯುತ್ತದೆ. ಪದ್ಯದ ಪಾಠವನ್ನು ಹುಡುಕುವವರಿಗೆ ಅದು ಸಾಕು, ತಾಳವನ್ನು ಅಭ್ಯಾಸ ಮಾಡುವವರಿಗೆ ಸಾಲದು. ಹಳೆಯ ವಿಸಿಡಿಗಳನ್ನು ಡಿವಿಡಿಗೆ ವರ್ಗಾಯಿಸಿದವರು ಮತ್ತೊಂದು ತೊಡಕನ್ನು ಎದುರಿಸಬೇಕಾಗಿತ್ತು. ವಿಸಿಡಿಯ ಧ್ವನಿ ಸೆಕೆಂಡಿಗೆ 44,100 ಮಾದರಿಗಳದು, ಡಿವಿಡಿ ಒಪ್ಪುವುದು 48,000. ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಪರಿವರ್ತಿಸಬೇಕು. ಹಾಗೆ ಮಾಡದೆ ಎರಡನ್ನೂ ಮತ್ತೊಮ್ಮೆ ಸಂಕೋಚಿಸಿ ಚಿತ್ರವನ್ನು ಕೆಡಿಸಿದವರೇ ಹೆಚ್ಚಿರಬೇಕು.

ಬರ್ನ್ ಮಾಡುವ ಹಂತದ ವಿಚಾರ. ಅಚ್ಚಾದ ಡಿಸ್ಕಿನಲ್ಲಿ ಗುರುತುಗಳು ಪ್ಲಾಸ್ಟಿಕ್ಕಿನಲ್ಲೇ ತಗ್ಗುಗಳಾಗಿರುತ್ತವೆ. ಬರೆದ ಡಿಸ್ಕಿನಲ್ಲಿ ಲೇಸರಿನ ಶಾಖಕ್ಕೆ ಬದಲಾದ ಒಂದು ಬಣ್ಣದ್ರವ್ಯದ ಪದರ ಇರುತ್ತದೆ. ಸಿ.ಡಿ.ಯ ಲೇಸರ್ 780 ನ್ಯಾನೊಮೀಟರಿನದು, ಡಿವಿಡಿಯದು 650. ಸಿ.ಡಿ.-ಆರ್ ಡಿಸ್ಕಿನ ಬಣ್ಣದ್ರವ್ಯವು 650ರ ಬೆಳಕನ್ನು ಹೀರಿಕೊಳ್ಳುವುದರಿಂದ ಮೊದಲ ತಲೆಮಾರಿನ ಹಲವು ಡಿವಿಡಿ ಪ್ಲೇಯರುಗಳು ಅಚ್ಚಾದ ವಿಸಿಡಿಯನ್ನು ಓದಿಯೂ ಮನೆಯಲ್ಲಿ ಬರೆದ ವಿಸಿಡಿಯನ್ನು ಓದುತ್ತಿರಲಿಲ್ಲ. ಎರಡು ಲೇಸರುಗಳ ಪ್ಲೇಯರುಗಳು ಬಂದಮೇಲೆ ಆ ಕಷ್ಟ ನೀಗಿತು. ಮತ್ತೆ ಬರೆಯಬಲ್ಲ ಆರ್‌ಡಬ್ಲ್ಯು ಡಿಸ್ಕುಗಳು ಬೆಳಕನ್ನು ಇನ್ನೂ ಕಡಿಮೆ ಪ್ರತಿಫಲಿಸುತ್ತವೆ, ಹಾಗಾಗಿ ಹಂಚುವುದಕ್ಕೆ ಒಮ್ಮೆ ಮಾತ್ರ ಬರೆಯುವ ಡಿಸ್ಕೇ ಲೇಸು. ಡಿವಿಡಿ+ಆರ್ ಡಿಸ್ಕಿನ ಆರಂಭದಲ್ಲಿ ಅದರ ಬಗೆಯನ್ನು ಸೂಚಿಸುವ ಗುರುತೊಂದಿದ್ದು, ಕೆಲವು ಬರ್ನರುಗಳು ಅದನ್ನು ಅಚ್ಚಾದ ಡಿವಿಡಿಯ ಗುರುತಾಗಿ ಬರೆಯಬಲ್ಲವು. ಹಟಮಾರಿ ಪ್ಲೇಯರು ಆ ವೇಷವನ್ನು ನಂಬಿ ಡಿಸ್ಕನ್ನು ಓದಿಬಿಡುತ್ತದೆ.

ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯಲ್ಲಿ 'ಫೈನಲೈಸ್' ಮಾಡದೆ ಬಿಟ್ಟರೆ ಡಿಸ್ಕಿನ ಆದಿ ಅಂತ್ಯಗಳನ್ನು ಸಾರುವ ಭಾಗಗಳು ಬರೆಯದೆ ಉಳಿಯುತ್ತವೆ, ಸಾಮಾನ್ಯ ಪ್ಲೇಯರಿಗೆ ಅದು ಖಾಲಿ ಡಿಸ್ಕು. ಟಿ.ವಿ. ಪಕ್ಕದಲ್ಲಿಟ್ಟು ನೇರವಾಗಿ ಮುದ್ರಿಸುವ ಡಿವಿಡಿ ರೆಕಾರ್ಡರುಗಳಲ್ಲಿಯೂ ಡಿಸ್ಕಿಗೇ ಬರೆಯುವ ಕ್ಯಾಮೆರಾಗಳಲ್ಲಿಯೂ ಈ ಹಂತ ತಪ್ಪಿಹೋಗುವುದು ಸುಲಭ. ಮನೆಯಲ್ಲಿ "ಹಾಳಾಗಿದೆ" ಎಂದು ಬದಿಗಿಟ್ಟ ಡಿಸ್ಕನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಬೇಕು. ತಳಭಾಗದಲ್ಲಿ ಬರೆದ ವರ್ತುಲ ಬೇರೆ ಛಾಯೆಯಲ್ಲಿ ಕಂಡರೆ ಒಳಗೆ ಏನೋ ಇದೆ ಎಂದೇ ಅರ್ಥ. ಕಂಪ್ಯೂಟರಿನ ಡ್ರೈವಿನಲ್ಲಿ, ಐಸೊಬಸ್ಟರ್‌ನಂಥ ತಂತ್ರಾಂಶದ ನೆರವಿನಿಂದ, ಅನೇಕ ವೇಳೆ ಅದನ್ನು ಹೊರತೆಗೆಯಬಹುದು.

ಈಗ ಲಿಪಿಯ ಪ್ರಶ್ನೆ. ಪ್ಲೇಯರಿನ ತಯಾರಕರು ಕನ್ನಡವನ್ನು ಗಮನದಲ್ಲಿ ಇಟ್ಟುಕೊಂಡಿದ್ದರೆಂದು ಭಾವಿಸಲು ಕಾರಣವಿಲ್ಲ. ಆದರೂ ಡಿವಿಡಿಯ ಉಪಶೀರ್ಷಿಕೆಯಲ್ಲಿ ಕನ್ನಡವು ಎಲ್ಲಿಯೂ ಮುರಿಯದೆ ಮೂಡುತ್ತದೆ. ಕಾರಣ ಸರಳ. ಡಿವಿಡಿಯ ಉಪಶೀರ್ಷಿಕೆ ಅಕ್ಷರಗಳ ಸರಣಿಯಲ್ಲ, ಚಿತ್ರ. ಒತ್ತಕ್ಷರಗಳನ್ನು ಜೋಡಿಸುವ, ಸ್ವರಚಿಹ್ನೆಗಳನ್ನು ಕೂಡಿಸುವ ಕೆಲಸವೆಲ್ಲ ಡಿಸ್ಕು ತಯಾರಿಸುವವನ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ. ಪ್ಲೇಯರು ಅದನ್ನು ದೃಶ್ಯದ ಮೇಲೆ ಹೊದಿಸುತ್ತದೆ, ಅಷ್ಟೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದರೂ ಯೂನಿಕೋಡಿನಲ್ಲಿ ಬರೆದರೂ ಫಲ ಒಂದೇ. ಇದರ ನಂತರ ಬಂದ, ಯುಎಸ್‌ಬಿ ಮೂಲಕ ವಿಡಿಯೊ ಕಡತವನ್ನೂ ಅದರ ಪಠ್ಯರೂಪದ ಉಪಶೀರ್ಷಿಕೆಯನ್ನೂ ಓದುವ ಪ್ಲೇಯರುಗಳಲ್ಲಿ ಅಕ್ಷರ ಮೂಡಿಸುವ ಹೊಣೆ ಪ್ಲೇಯರಿನದಾಯಿತು. ಒಳಗೆ ಕನ್ನಡದ ಫಾಂಟು ಇಲ್ಲದಲ್ಲಿ ಪರದೆಯ ಮೇಲೆ ಖಾಲಿ ಚೌಕಗಳು ಸಾಲಾಗಿ ನಿಂತವು. ತಂತ್ರಜ್ಞಾನ ಮುಂದುವರಿದಂತೆ ಲಿಪಿ ಹಿಂದೆ ಬಿದ್ದ ಅಪರೂಪದ ಪ್ರಸಂಗ ಇದು. ಚಿತ್ರವಾದುದರ ನಷ್ಟವೂ ಇದೆ. ಡಿಸ್ಕಿನೊಳಗಿನ ಕನ್ನಡವನ್ನು ಹುಡುಕಲಾಗದು, ನಕಲಿಸಲಾಗದು. ಮತ್ತೆ ಪಠ್ಯವಾಗಬೇಕಾದರೆ ಒಸಿಆರ್ ಮೂಲಕವೇ ಹಾಯಬೇಕು.

ಈ ಚಿತ್ರಕ್ಕೆ ದೊರೆಯುವುದು ಒಂದು ಬಾರಿಗೆ ನಾಲ್ಕೇ ಬಣ್ಣ. ಹಿನ್ನೆಲೆಗೆ, ಅಕ್ಷರಕ್ಕೆ, ಅಂಚಿನ ರೇಖೆಗೆ ಒಂದೊಂದು ಹೋದರೆ ವಕ್ರರೇಖೆಯನ್ನು ನಯಗೊಳಿಸಲು ಉಳಿಯುವುದು ಒಂದು. ದುಂಡನೆಯ ಕನ್ನಡಕ್ಕೆ ಇದು ಕಡುಬಡತನ. ಹಳೆಯ ಟಿ.ವಿ.ಯಲ್ಲಿ ಸಮ ಮತ್ತು ಬೆಸ ಸಾಲುಗಳು ಒಂದಾದ ಮೇಲೊಂದು ಮೂಡುತ್ತಿದ್ದುದರಿಂದ ಒಂದೇ ಬಿಂದು ದಪ್ಪದ ತಲೆಕಟ್ಟು ಅದುರುತ್ತಿತ್ತು, ಅದು ಎರಡು ಬಿಂದುಗಳಷ್ಟಾದರೂ ದಪ್ಪ ಇರಬೇಕು. 'ರಾಷ್ಟ್ರ', 'ಸ್ತ್ರೀ' ಎಂಬಂಥ ಪದಗಳಲ್ಲಿ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲುಗಳ ನಡುವೆ ಲ್ಯಾಟಿನ್ ಲಿಪಿಗಿಂತ ಹೆಚ್ಚು ಅಂತರ ಬೇಕು, ಹಾಗಾಗಿ ಪರದೆಗೆ ಎರಡು ಸಾಲಿಗಿಂತ ಹೆಚ್ಚು ಹಿಡಿಯದು. ಇನ್ನೊಂದು ಸೂಕ್ಷ್ಮವಿದೆ. 720×576ರ ಬಿಂದುಗಳು ಚೌಕವಲ್ಲ. ಸಾಮಾನ್ಯ ಪರದೆಯಲ್ಲಿ ಅವು 768×576ರಷ್ಟು, ಅಗಲ ಪರದೆಯಲ್ಲಿ 1024×576ರಷ್ಟು ಹಿಗ್ಗುತ್ತವೆ. ಇದನ್ನು ಲೆಕ್ಕಿಸದೆ ಬರೆದ ಅಕ್ಷರಗಳು ಅಗಲ ಪರದೆಯಲ್ಲಿ ಒಂದೂವರೆ ಪಟ್ಟಿಗೆ ಸಮೀಪ ಅಗಲವಾಗಿ ಕಪ್ಪೆಯಂತೆ ಕೂರುತ್ತವೆ.

ಲಿಪಿಗೆ ದೊರೆತ ಈ ಆಶ್ರಯ ಭಾಷೆಯ ಹೆಸರಿಗೆ ದೊರೆಯಲಿಲ್ಲ. ಒಂದು ಡಿವಿಡಿಯಲ್ಲಿ ಎಂಟು ಧ್ವನಿಪಥಗಳಿಗೂ 32 ಉಪಶೀರ್ಷಿಕೆಗಳಿಗೂ ಅವಕಾಶವಿದೆ. ಗಡಿನಾಡಿನ ಯಾವ ಮನೆಯ ಭಾಷೆಗಳಿಗೂ ಸಾಲುವಷ್ಟು ಜಾಗ ಅದು. ಪ್ರತಿಯೊಂದು ಪಥ ಯಾವ ಭಾಷೆಯದೆಂದು ಐಎಫ್ಒ ಕಡತದಲ್ಲಿ ನಮೂದಿಸಬೇಕಾದಾಗ ಮಾತ್ರ ದೊರೆಯುವುದು ಎರಡೇ ಅಕ್ಷರಗಳ ಜಾಗ. ಐಎಸ್ಒ 639 ಮಾನಕದ ಎರಡಕ್ಷರದ ಸಂಕೇತಗಳೇ ಇಲ್ಲಿ ಸಲ್ಲುವುದು. ಕನ್ನಡಕ್ಕೆ 'ಕೆಎನ್' ಇದೆ. ಮಲಯಾಳಂ, ತಮಿಳು, ತೆಲುಗು, ಮರಾಠಿ, ಉರ್ದುಗಳಿಗೂ ಇವೆ. ಕೊಂಕಣಿಗೆ ಮಾನಕದ ಎರಡನೆಯ ಭಾಗದಲ್ಲಿ ಮೂರಕ್ಷರದ 'ಕೆಒಕೆ' ದೊರೆಯಿತು. ತುಳುವಿಗೆ 'ಟಿಸಿವೈ', ಬಡಗಕ್ಕೆ 'ಬಿಎಫ್‌ಕ್ಯು', ಲಂಬಾಣಿಗೆ 'ಎಲ್ಎಂಎನ್' ದೊರೆತದ್ದು 2007ರ ಮೂರನೆಯ ಭಾಗದಲ್ಲಿ. ಮೂರಕ್ಷರದ ಸಂಕೇತ ಎರಡಕ್ಷರದ ಜಾಗಕ್ಕೆ ಹಿಡಿಯದು. 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಒಂದು ವಿನ್ಯಾಸವು ಭಾಷೆಗಳನ್ನು ಎರಡು ಪಂಕ್ತಿಗಳಲ್ಲಿ ಕುಳ್ಳಿರಿಸಿತ್ತು, ಆ ಪಂಕ್ತಿಭೇದ ಬಳಸುವವರ ಕಣ್ಣಿಗೆ ಬೀಳಲೇ ಇಲ್ಲ.

ನೀಲಗಿರಿಯ ಹಟ್ಟಿಯೊಂದರಲ್ಲಿ ಹಿರಿಯರೊಬ್ಬರು ಬಡಗದಲ್ಲಿ ಹೇಳಿದ ಕಥೆಗೆ ತಮಿಳಿನ ಮತ್ತು ಕನ್ನಡದ ವಿವರಣೆಗಳನ್ನು ಬೇರೆ ಧ್ವನಿಪಥಗಳಾಗಿ ಸೇರಿಸಿ ಡಿಸ್ಕು ಮಾಡುವುದೆಂದುಕೊಳ್ಳೋಣ. ತಮಿಳಿಗೆ, ಕನ್ನಡಕ್ಕೆ ಸಂಕೇತ ಸಿದ್ಧವಿದೆ. ಮೂಲವಾದ ಬಡಗಕ್ಕೆ ಉಳಿಯುವ ಮಾರ್ಗ ಎರಡು. ಭಾಷೆಯನ್ನು ನಮೂದಿಸದೆ ಬಿಡುವುದು ಒಂದು, ಮಾನಕವೇ ಅದಕ್ಕೆ ಅವಕಾಶ ಕೊಟ್ಟಿದೆ. ಹತ್ತಿರದ್ದೆಂದು ಕನ್ನಡದ ಸಂಕೇತವನ್ನೇ ಕೊಡುವುದು ಇನ್ನೊಂದು. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದು ವಿದ್ವಾಂಸರಲ್ಲಿ ಹಳೆಯ ಚರ್ಚೆ. ಭಾರತದ ಜನಗಣತಿಯಂತೂ ಬಡಗವನ್ನು ಕನ್ನಡದ ಅಡಿಯಲ್ಲಿಯೂ ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿಯೂ ಎಣಿಸುತ್ತದೆ. ತಂತ್ರಾಂಶದ ಮುಂದೆ ಕುಳಿತವನು ಒಂದು ಪಟ್ಟಿಯಿಂದ ಹೆಸರನ್ನು ಆರಿಸುವಾಗ ಅರಿವಿಲ್ಲದೆ ಈ ಚರ್ಚೆಯಲ್ಲಿ ಒಂದು ಪಕ್ಷ ವಹಿಸಿರುತ್ತಾನೆ. ಎರಡರಲ್ಲಿ ಮೊದಲ ಮಾರ್ಗವೇ ಸರಿ. ಖಾಲಿ ಬಿಟ್ಟ ಜಾಗವನ್ನು ಮುಂದೆ ತುಂಬಬಹುದು, ತಪ್ಪಾಗಿ ತುಂಬಿದ್ದನ್ನು ತಪ್ಪೆಂದು ಗುರುತಿಸಲು ಆ ಭಾಷೆ ಬಲ್ಲವರೇ ಬೇಕು.

ಸಂಕೇತವಿಲ್ಲದ ಭಾಷೆಗೆ ಡಿಸ್ಕಿನಲ್ಲಿ ತನ್ನ ಹೆಸರಿನಿಂದ ಕಾಣಿಸಿಕೊಳ್ಳಲು ಇರುವ ಒಂದೇ ಎಡೆ ಮೆನು. ಮೆನು ಕೂಡ ಚಿತ್ರವೇ. ಅದರ ಮೇಲೆ ಗುಂಡಿಗಳ ಆಕಾರವನ್ನು ಉಪಶೀರ್ಷಿಕೆಯ ತಂತ್ರದಿಂದಲೇ ಹೊದಿಸಲಾಗುತ್ತದೆ. ಒಂದು ಮೆನುವಿನಲ್ಲಿ 36 ಗುಂಡಿಗಳವರೆಗೆ ಇರಬಹುದು. 'ಬಡಗ' ಎಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದು, ಆ ಗುಂಡಿಯನ್ನು ಮೊದಲ ಧ್ವನಿಪಥಕ್ಕೆ ಜೋಡಿಸಿದರೆ ಪ್ಲೇಯರು ಪ್ರಶ್ನೆ ಕೇಳದೆ ಪಾಲಿಸುತ್ತದೆ. ಧ್ವನಿಪಥಗಳ ಅನುಕ್ರಮವೂ ಮುಖ್ಯ. ವೀಕ್ಷಕನು ಪ್ಲೇಯರಿನಲ್ಲಿ ಆರಿಸಿಟ್ಟ ಭಾಷೆ ಡಿಸ್ಕಿನಲ್ಲಿ ಸಿಗದಿದ್ದಾಗ ಸಾಮಾನ್ಯವಾಗಿ ಮೊದಲ ಪಥವೇ ನುಡಿಯುತ್ತದೆ. ದ್ವಿಭಾಷಿಕ ಗ್ರಂಥದಲ್ಲಿ ಮೂಲವನ್ನು ಎಡಪುಟದಲ್ಲಿಡುವ ಸಂಪಾದಕನ ಆಯ್ಕೆಗೆ ಇದು ಸಮ.

ಈ ಡಿಸ್ಕುಗಳ ಕಾಲ ಮುಗಿಯುತ್ತಿದೆ. ಬಣ್ಣದ್ರವ್ಯವು ಬಿಸಿಲಿಗೆ, ಸೆಕೆಗೆ, ತೇವಕ್ಕೆ ಮಾಸುತ್ತದೆ. ಕರಾವಳಿಯ ಹವೆ ಅದಕ್ಕೆ ಹಿತವಲ್ಲ. ಅಂಟಿಸಿದ ಕಾಗದದ ಚೀಟಿ ಡಿಸ್ಕಿನ ಸಮತೋಲ ಕೆಡಿಸುತ್ತದೆ. ಸಿ.ಡಿ.ಯ ದತ್ತಪದರ ಹೆಸರು ಬರೆಯುವ ಮೇಲ್ಮೈಗೆ ತೀರ ಸಮೀಪವಿರುವುದರಿಂದ ಅಲ್ಲಿ ಬಿದ್ದ ಗೀರು ತಳದ ಗೀರಿಗಿಂತ ಮಾರಕ. ಡಿವಿಡಿಯಲ್ಲಿ ಆ ಪದರ ಎರಡು ಹಾಳೆಗಳ ನಡುವೆ ಸುರಕ್ಷಿತ. ಭಾರತದಲ್ಲಿ ಖಾಲಿ ಡಿಸ್ಕುಗಳ ದೊಡ್ಡ ತಯಾರಕನಾಗಿದ್ದ ಮೋಸರ್ ಬೇರ್ ಸಂಸ್ಥೆಯ ಸಮಾಪನಕ್ಕೆ 2018ರಲ್ಲಿ ಆದೇಶವಾಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲ.

ಸಂಗ್ರಹಕ್ಕೆ ಹೊರಟವರು ವಿಒಬಿ ಕಡತಗಳನ್ನಷ್ಟೇ ನಕಲಿಸಿಕೊಂಡು, ಅವನ್ನು ಎಂಪಿ4 ಮಾಡಿ, ಡಿಸ್ಕನ್ನು ಹಿಂದಿರುಗಿಸುವುದು ಸಾಮಾನ್ಯ. ಆಗ ಅಧ್ಯಾಯವಿಭಾಗ, ಮೆನುವಿನ ಕ್ರಮ, ಉಪಶೀರ್ಷಿಕೆಯ ಬಣ್ಣ, ಭಾಷಾಸಂಕೇತ ಎಲ್ಲವೂ ಐಎಫ್ಒ ಕಡತದೊಡನೆ ಹಿಂದೆ ಉಳಿದುಹೋಗುತ್ತವೆ. ಡಿಸ್ಕಿನ ಸೆಕ್ಟರು ಸೆಕ್ಟರನ್ನೂ ಒಂದೇ ಐಎಸ್ಒ ಬಿಂಬವಾಗಿ ತೆಗೆದಿಡುವುದು ಸರಿಯಾದ ಕ್ರಮ. ಮಾಸಿದ ಡಿಸ್ಕಿಗೆ 'ಡಿಡಿರೆಸ್ಕ್ಯು'ವಿನಂಥ ತಂತ್ರಾಂಶ ಓದಲಾಗದ ಸೆಕ್ಟರುಗಳನ್ನು ಗುರುತಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವಿನಲ್ಲಿ ಸೋತದ್ದನ್ನು ಇನ್ನೊಂದರಲ್ಲಿ ಮುಂದುವರಿಸಬಹುದು. ವಿಸಿಡಿಗೆ ಈ ಕ್ರಮ ಸಲ್ಲದು. ಅದರ ಸೆಕ್ಟರು 2048 ಬೈಟಿನದಲ್ಲವಾದ್ದರಿಂದ ಕಚ್ಚಾ ರೂಪದ 'ಬಿನ್' ಮತ್ತು 'ಕ್ಯೂ' ಕಡತಗಳಾಗಿಯೇ ತೆಗೆಯಬೇಕು.

ಸೂಚಿಯನ್ನು ಬರೆಯುವಾಗ ಭಾಷೆಗೆ ಎರಡು ಅಂಕಣ ಇರಿಸುವುದು ಅಗತ್ಯ. ಡಿಸ್ಕಿನ ಐಎಫ್ಒದಲ್ಲಿ ನಮೂದಾದ ಸಂಕೇತಕ್ಕೆ ಒಂದು, ಆ ಭಾಷೆ ಬಲ್ಲವರು ಕೇಳಿ ಗುರುತಿಸಿದ ಭಾಷೆಗೆ ಇನ್ನೊಂದು. ಸಂಕೇತವನ್ನು ಯಂತ್ರದಿಂದ ಓದಿ ಒಂದೇ ಅಂಕಣ ತುಂಬಿದರೆ ನೀಲಗಿರಿಯ ಬಡಗವೂ ಕಾಸರಗೋಡಿನ ತುಳುವೂ ಕನ್ನಡದ ಲೆಕ್ಕಕ್ಕೆ ಜಮೆಯಾಗುವ ಸಂಭವವಿದೆ. ತಾನೇ ಅಲ್ಪಸಂಖ್ಯಾತವಾಗಿರುವಲ್ಲಿ ಕನ್ನಡವು ಇಂಥ ಲಾಭವನ್ನು ಬಯಸಬಾರದು. ಡಿಸ್ಕಿನ ಎರಡೂ ಮೇಲ್ಮೈಗಳ ಹಾಗೂ ಹೊದಿಕೆಯ ಛಾಯಾಚಿತ್ರವನ್ನೂ ಬಿಂಬದೊಡನೆ ಇರಿಸಬೇಕು. ಊರು, ಮೇಳ, ಪ್ರಸಂಗ, ಮುಹೂರ್ತ, ಭಾಷೆ ಇವನ್ನು ಮಾರ್ಕರ್ ಪೆನ್ನಿನಿಂದ ಅಲ್ಲಿ ಬರೆದ ಕೈಯ ಹೊರತು ಬೇರೆಲ್ಲಿಯೂ ಯಾರೂ ದಾಖಲಿಸಿಲ್ಲದಿರಬಹುದು.